ಮುಖ ಮರೆಯಾದಾಗ ಕಿವಿ ಕೊಡಿ

ಕಳೆದ ಸಂಚಿಕೆಯಲ್ಲಿ ಟೀವಿಯಲ್ಲಿ ಬರುವ ಜೀವನಚರಿತ್ರೆಯ ಡಾಕ್ಯುಮೆಂಟರಿಗಳ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಪತ್ರಗಳ ರಾಶಿಯೇ ಬಂತು. ಆರನ್ನು ಆರಿಸಿದ್ದೇನೆ. ನಾನು ಹದಿನೆಂಟು ವರ್ಷ ಇಂಥವನ್ನು ಎಡಿಟ್ ಮಾಡಿದವಳು. ಕ್ಯಾಮೆರಾ ಹಿಡಿದಿಲ್ಲ, ದೊಡ್ಡವರ ಕೈ ಕುಲುಕಿಲ್ಲ. ಕತ್ತಲೆ ಕೋಣೆಯಲ್ಲಿ ಕೂತು ಅವರ ಮಾತು ಕತ್ತರಿಸಿದ್ದೇನೆ, ಅಷ್ಟೇ. ಉತ್ತರಗಳೂ ಆ ಕುರ್ಚಿಯಿಂದಲೇ.

ಪ್ರಶ್ನೆ: ಈಗ ಎಲ್ಲಿ ನೋಡಿದರೂ ಯಾರದ್ದೋ ಒಬ್ಬರ ಜೀವನದ ಡಾಕ್ಯುಮೆಂಟರಿ. ಈ ಹುಚ್ಚು ಯಾವಾಗ ಶುರುವಾಯಿತು ಮೇಡಂ? (ಕಾಲೇಜು ವಿದ್ಯಾರ್ಥಿ)

ನಿಮ್ಮ ತಾತನ ಕಾಲಕ್ಕೇ. 1960ರ ದಶಕದ ಆರಂಭದಲ್ಲಿ ಅಮೆರಿಕದ ಡೇವಿಡ್ ವೋಲ್ಪರ್ 'ಬಯಾಗ್ರಫಿ' ಅನ್ನುವ ಸರಣಿ ತಂದರು. ಅರ್ಧ ಗಂಟೆ, ಕಪ್ಪು ಬಿಳುಪು, ಹಳೇ ಫುಟೇಜು, ಮೈಕ್ ವಾಲೇಸ್ ನಿರೂಪಣೆ. 1987ರಲ್ಲಿ ಎ ಅಂಡ್ ಇ ಚಾನೆಲ್ ಅದೇ ಹೆಸರಿಗೆ ಮತ್ತೆ ಜೀವ ಕೊಟ್ಟಿತು. ಅದು ಎಷ್ಟು ಓಡಿತೆಂದರೆ 1999ಕ್ಕೆ ಜೀವನಚರಿತ್ರೆಗಂತಲೇ ಒಂದು ಚಾನೆಲ್ ಬಂತು. ಹುಚ್ಚು ಹಳೆಯದು, ಪರದೆ ಹೊಸದು.

ಪ್ರಶ್ನೆ: ಯಾರೋ ಮಾತಾಡುತ್ತಿರುತ್ತಾರೆ. ಮುಖ ನೋಡುತ್ತಾ ಇರುತ್ತೇವೆ. ತಟ್ಟನೆ ಅವರ ಕೈ, ಕಿಟಕಿ, ಇಲ್ಲಾ ಒಂದು ಹಳೇ ಫೋಟೋ ಬರುತ್ತದೆ. ಮಾತು ಮಾತ್ರ ಮುಂದುವರಿಯುತ್ತದೆ. ಮುಖ ಯಾಕೆ ತಪ್ಪಿಸುತ್ತಾರೆ? (ನಿವೃತ್ತ ಶಿಕ್ಷಕರು)

ಮೇಷ್ಟ್ರೇ, ಕಳ್ಳನನ್ನು ಹಿಡಿದುಬಿಟ್ಟಿರಿ. ಆ ಕಳ್ಳಿ ನಾನೇ.

ಮಾತಿನ ಮಧ್ಯೆ ಎರಡು ವಾಕ್ಯ ತೆಗೆದರೆ ಚಿತ್ರದಲ್ಲಿ ತಲೆ ಟಕ್ ಅಂತ ಜಿಗಿಯುತ್ತದೆ. ಆ ಜಿಗಿತ ಮುಚ್ಚಲು ಮೇಲೊಂದು ಬೇರೆ ಶಾಟ್ ಹೊದಿಸುತ್ತೇವೆ. ಅದಕ್ಕೆ ಕಟ್‌ಅವೇ ಅನ್ನುತ್ತೇವೆ. ಬಹಳ ಸಲ ಅದರಲ್ಲಿ ಮೋಸ ಏನೂ ಇರುವುದಿಲ್ಲ. ಒಬ್ಬರು ಕೆಮ್ಮಿರುತ್ತಾರೆ, ಹೇಳಿದ್ದನ್ನೇ ಮೂರು ಸಲ ಹೇಳಿರುತ್ತಾರೆ. ಅದು ಯಾರಿಗೆ ಬೇಕು?

ಆದರೆ ಒಂದು ಸಲ ನಾನು ಮಾಡಿದ್ದು ಹೇಳುತ್ತೇನೆ. ಒಬ್ಬ ಹಳೆಯ ಈಜುಗಾರರು. ಅವರು ಹೇಳಿದ್ದು ಹೀಗೆ: "ಅಪ್ಪ ನನಗೆ ಈಜು ಕಲಿಸಿದರು. ಕಲಿಸಿದರು ಅಂದರೆ, ನೀರಿಗೆ ತಳ್ಳಿದರು. ಅವತ್ತಿಂದ ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆದರೂ ಇವತ್ತು ಇಲ್ಲಿದ್ದೇನೆ ಅಂದರೆ ಅವರಿಂದಲೇ." ಕಾರ್ಯಕ್ರಮಕ್ಕೆ ಇದ್ದದ್ದೇ ಇಪ್ಪತ್ತೆರಡು ನಿಮಿಷ. ನಿರ್ದೇಶಕರು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ನಾನು ನಡುವಿನ ಎರಡು ವಾಕ್ಯ ತೆಗೆದೆ, "ಆದರೂ" ಅನ್ನುವ ಪದವನ್ನೂ ತೆಗೆದೆ. ಮಡಿಲಲ್ಲಿದ್ದ ಅವರ ಕೈಗಳ ಶಾಟನ್ನು ಮೂರು ಸೆಕೆಂಡು ಹಾಕಿದೆ. ಉಳಿದದ್ದು: "ಅಪ್ಪ ನನಗೆ ಈಜು ಕಲಿಸಿದರು. ಇವತ್ತು ಇಲ್ಲಿದ್ದೇನೆ ಅಂದರೆ ಅವರಿಂದಲೇ." ಒಂದೂ ಸುಳ್ಳು ಪದ ಇಲ್ಲ, ಅಲ್ವಾ? ಪ್ರಸಾರವಾದ ರಾತ್ರಿ ಅವರು ಫೋನ್ ಮಾಡಿದರು. "ನಾನು ಹೀಗಾ ಹೇಳಿದ್ದು?" ಅಂತ ಕೇಳಿದರು, ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡ ಉದಾಹರಣೆ ಬೇಕಾ? ಕೊಲೆಗಳ ಅನುಮಾನ ಹೊತ್ತಿದ್ದ ಅಮೆರಿಕದ ಶ್ರೀಮಂತ ರಾಬರ್ಟ್ ಡರ್ಸ್ಟ್ ಬಗ್ಗೆ 2015ರಲ್ಲಿ ಬಂದ 'ದಿ ಜಿಂಕ್ಸ್'. ಸಂದರ್ಶನ ಮುಗಿಸಿ ಆತ ಬಚ್ಚಲಿಗೆ ಹೋಗುತ್ತಾನೆ. ಕಾಲರಿನ ಮೈಕು ಇನ್ನೂ ಆನ್ ಇರುತ್ತದೆ. "ನಾನೇನು ಮಾಡಿಬಿಟ್ಟೆ? ಎಲ್ಲರನ್ನೂ ಕೊಂದೆ, ಮತ್ತಿನ್ನೇನು" ಅಂತ ತನ್ನಷ್ಟಕ್ಕೆ ಗೊಣಗುತ್ತಾನೆ. ಸರಣಿ ಮುಗಿಯುವುದು ಅಲ್ಲೇ. ನನಗೂ ಮೈ ಜುಂ ಅಂದಿತ್ತು. 2019ರಲ್ಲಿ ಕೋರ್ಟಿನ ಕಾಗದಗಳಲ್ಲಿ ಆ ಗೊಣಗಾಟದ ಪೂರ್ತಿ ಬರಹ ಹೊರಬಂತು. ಆ ಎರಡು ವಾಕ್ಯ ಅಕ್ಕಪಕ್ಕ ಇರಲೇ ಇಲ್ಲ. 'ಕೊಂದೆ' ಅನ್ನುವುದು ಮೊದಲು. ನಡುವೆ ಬೇರೆ ಏನೇನೋ. 'ಏನು ಮಾಡಿಬಿಟ್ಟೆ' ಬರುವುದು ಕೊನೆಗೆ. ಎಡಿಟಿಂಗ್‌ನಲ್ಲಿ ಅವು ಪ್ರಶ್ನೆ, ಉತ್ತರ ಆಗಿಬಿಟ್ಟವು. ಆತನಿಗೆ 2021ರಲ್ಲಿ ಕೊಲೆ ಅಪರಾಧಕ್ಕೆ ಶಿಕ್ಷೆಯಾಯಿತು, ನಿಜ. ಅದು ಬೇರೆ ವಿಷಯ. ನನ್ನ ಕಸುಬಿನವರು ಮಾಡಿದ್ದು ಮಾಡಿದ್ದೇ.

ನೀವು ಮಾಡಬೇಕಾದ್ದು ಇಷ್ಟೇ. ಮುಖ ಮರೆಯಾದ ಕೂಡಲೇ ಚಿತ್ರ ಬಿಟ್ಟು ದನಿ ಕೇಳಿ. ಉಸಿರು ತೆಗೆದುಕೊಳ್ಳದೆ ಹೊಸ ವಾಕ್ಯ ಶುರುವಾಯಿತಾ? ದನಿ ಇದ್ದಕ್ಕಿದ್ದಂತೆ ಏರಿತಾ? ಅಲ್ಲಿ ನನ್ನಂಥವಳು ಕೂತಿದ್ದಾಳೆ.

ಪ್ರಶ್ನೆ: ನಟರನ್ನು ಇಟ್ಟು ಹಳೆಯ ಘಟನೆ ಮತ್ತೆ ಮಾಡಿ ತೋರಿಸುತ್ತಾರಲ್ಲ, ಅದು ಸುಳ್ಳಲ್ವಾ? ನೋಡಿದರೆ ಕೋಪ ಬರುತ್ತದೆ. (ಗೃಹಿಣಿ)

ಸುಳ್ಳು ಅಂದರೆ ಸತ್ಯಜಿತ್ ರಾಯ್ ಅವರನ್ನೂ ಬೈಯಬೇಕಾಗುತ್ತದೆ. 1961ರಲ್ಲಿ ಅವರು ರವೀಂದ್ರನಾಥ ಠಾಕೂರರ ಮೇಲೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಕವಿಯ ಬಾಲ್ಯವನ್ನು ನಟರಿಂದಲೇ ಮಾಡಿಸಿದರು. ಆ ವಯಸ್ಸಿನ ಚಲಿಸುವ ಚಿತ್ರ ಯಾರ ಹತ್ತಿರ ಇರುತ್ತದೆ ಹೇಳಿ?

ನನ್ನ ಮೆಚ್ಚಿನದು ಎರಾಲ್ ಮಾರಿಸ್ ಅವರ 'ದಿ ಥಿನ್ ಬ್ಲೂ ಲೈನ್', 1988. ಡಲ್ಲಾಸ್‌ನಲ್ಲಿ ಒಬ್ಬ ಪೊಲೀಸನ ಕೊಲೆ. ಅದಕ್ಕಾಗಿ ಜೈಲಿನಲ್ಲಿದ್ದವರು ರ‍್ಯಾಂಡಲ್ ಆಡಮ್ಸ್. ಅದರಲ್ಲಿ ಅದೇ ರಾತ್ರಿ, ಅದೇ ಕಾರು ಮತ್ತೆ ಮತ್ತೆ ಬರುತ್ತದೆ. ಒಬ್ಬೊಬ್ಬ ಸಾಕ್ಷಿ ಹೇಳಿದ ಹಾಗೆ ಒಂದೊಂದು ಸಲ. ಮಿಲ್ಕ್‌ಶೇಕ್ ಲೋಟ ಗಾಳಿಯಲ್ಲಿ ಹಾರಿ ರಸ್ತೆಗೆ ಬೀಳುವುದು ನಿಧಾನಕ್ಕೆ ತೋರಿಸುತ್ತಾರೆ. ನೋಡುತ್ತಾ ನೋಡುತ್ತಾ ನಮಗೇ ಗೊತ್ತಾಗುತ್ತದೆ, ಈ ಮಾತುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಅಂತ. 1989ರಲ್ಲಿ ಆಡಮ್ಸ್ ಬಿಡುಗಡೆಯಾದರು. ಆಮೇಲೆ ತನ್ನ ಕಥೆಯ ಹಕ್ಕು ಯಾರದ್ದು ಅಂತ ಅವರಿಗೂ ಮಾರಿಸ್‌ಗೂ ಕೋರ್ಟಿನ ಜಗಳವಾಯಿತು, ರಾಜಿಯಾಯಿತು. ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ಅದಕ್ಕೇ ಹೇಳಿದೆ.

ನಿಮಗೆ ಕೋಪ ಬರುವುದು ಬಹುಶಃ ಬೇರೆ ಬಗೆಯದ್ದಕ್ಕೆ. ಮಸುಕು ಬೆಳಕು, ನಡೆಯುವ ಬೂಟುಗಳು, ಮುಖವಿಲ್ಲದ ಮನುಷ್ಯ. ಅದು ಸುಳ್ಳೂ ಅಲ್ಲ ನಿಜವೂ ಅಲ್ಲ. ಕೈಯಲ್ಲಿ ಚಿತ್ರವಿಲ್ಲ ಅಂತ ಅರ್ಥ.

ಪ್ರಶ್ನೆ: ಆಟಗಾರರ ಮೇಲಿನ ಸರಣಿಗಳು ಬರೀ ಹೊಗಳಿಕೆ ಅನಿಸುತ್ತವೆ. ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರಾ? (ಬ್ಯಾಂಕ್ ಉದ್ಯೋಗಿ)

ದುಡ್ಡಿಗಿಂತ ಫುಟೇಜಿನ ಬೀಗದ ಕೈ ಯಾರ ಹತ್ತಿರ ಇದೆ ನೋಡಿ. 1997-98ರ ಸೀಸನ್ ಪೂರ್ತಿ ಒಂದು ಕ್ಯಾಮೆರಾ ತಂಡ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಮತ್ತು ಅವರ ತಂಡ ಶಿಕಾಗೋ ಬುಲ್ಸ್ ಜೊತೆಗೇ ಇತ್ತು. ಡ್ರೆಸ್ಸಿಂಗ್ ರೂಮ್ ಒಳಗೂ. ಷರತ್ತು ಒಂದೇ: ಜೋರ್ಡನ್ ಒಪ್ಪಿದರೆ ಮಾತ್ರ ಅದನ್ನು ಬಳಸಬೇಕು. ಆ ರೀಲುಗಳು ವರ್ಷಗಟ್ಟಲೆ ಸುಮ್ನೆ ಕೂತಿದ್ದವು. 2020ರಲ್ಲಿ ಹತ್ತು ಕಂತಿನ 'ದಿ ಲಾಸ್ಟ್ ಡಾನ್ಸ್' ಆಗಿ ಹೊರಬಂದವು. ತಯಾರಿಕೆಯಲ್ಲಿ ಜೋರ್ಡನ್ ಅವರದ್ದೇ ಕಂಪನಿ ಜಂಪ್ 23 ಕೂಡ ಇತ್ತು. ನಾನು ಹತ್ತೂ ಕಂತು ಖುಷಿಯಿಂದಲೇ ನೋಡಿದೆ, ಸುಳ್ಳು ಹೇಳಲ್ಲ. ಆದರೆ ಅಂಥ ಕಡೆ ಎಡಿಟರ್‌ಗೆ ಹೊಗಳಿ ಅಂತ ಯಾರೂ ಹೇಳಬೇಕಿಲ್ಲ. ಕೊಟ್ಟವರು ಬೇಡ ಅಂದರೆ ನಾಳೆ ಫುಟೇಜ್ ಇಲ್ಲ ಅನ್ನುವುದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಸತ್ತವರಿಗೆ, ಜೈಲಲ್ಲಿರುವವರಿಗೆ ಆ ಬೀಗದ ಕೈ ಇಲ್ಲ. 2015ರ 'ಏಮಿ' ಸಾಕ್ಷ್ಯಚಿತ್ರ ಬರುವ ಹೊತ್ತಿಗೆ ಗಾಯಕಿ ಏಮಿ ವೈನ್‌ಹೌಸ್ ಇರಲಿಲ್ಲ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸಹಕರಿಸಿದ ಅಪ್ಪನೇ ಚಿತ್ರ ನೋಡಿ ತಮ್ಮನ್ನು ತಪ್ಪಾಗಿ ತೋರಿಸಿದ್ದಾರೆ ಅಂತ ಬಹಿರಂಗವಾಗಿ ಸಿಟ್ಟಾದರು. ಮುಂದಿನ ಸಲ ಕೊನೆಯ ಟೈಟಲ್ ಓಡುವಾಗ ರಿಮೋಟ್ ಮುಟ್ಟಬೇಡಿ. ಕಥೆಯ ನಾಯಕರ ಕಂಪನಿಯ ಹೆಸರು ಕೆಲವೊಮ್ಮೆ ಅಲ್ಲಿ ಸಣ್ಣ ಅಕ್ಷರದಲ್ಲಿ ಓಡುತ್ತಿರುತ್ತದೆ.

ಪ್ರಶ್ನೆ: ನಮ್ಮಮ್ಮ ಮಲಗುವ ಮುಂಚೆ ಸರಣಿ ಕೊಲೆಗಾರರ ಡಾಕ್ಯುಮೆಂಟರಿ ನೋಡುತ್ತಾರೆ. ಆಮೇಲೆ ಗೊರಕೆ ಹೊಡೆದು ನಿದ್ದೆ. ಇದು ಸರಿನಾ? (ಮಗಳು)

ಗೊರಕೆ ಬರುತ್ತಿದೆಯಲ್ಲ, ಬಿಡಿ. ಒಂದೇ ಆಟ ಆಡಿಸಿ ಅಮ್ಮನ ಜೊತೆ. ಸತ್ತವರಲ್ಲಿ ಒಬ್ಬರ ಹೆಸರಾದರೂ ಬರಲು ಎಷ್ಟು ನಿಮಿಷ ಆಯಿತು ಅಂತ ಎಣಿಸಿ. 2019ರಲ್ಲಿ ಅಮೆರಿಕದ ಸರಣಿ ಕೊಲೆಗಾರ ಟೆಡ್ ಬಂಡಿಯ ಧ್ವನಿಮುದ್ರಿಕೆಗಳ ಸರಣಿ ಬಂದಾಗ, ಅವನು ಎಷ್ಟು ಚೆಂದ ಇದ್ದ ಅಂತ ಜನ ಬರೆದದ್ದೇ ಬರೆದದ್ದು. ಕಡೆಗೆ ನೆಟ್‌ಫ್ಲಿಕ್ಸ್‌ನವರೇ ಟ್ವಿಟರ್‌ನಲ್ಲಿ ನಮ್ಮಲ್ಲಿ ಬೇರೆ ಚೆಂದದ ಗಂಡಸರೂ ಇದ್ದಾರೆ ಅನ್ನಬೇಕಾಯಿತು. ಆ ಟೇಪಿನಲ್ಲಿ ಬಂಡಿ ಕೊಲೆಗಳ ಬಗ್ಗೆ ಮಾತಾಡುವಾಗ 'ನಾನು' ಅನ್ನುವುದಿಲ್ಲ, 'ಅವನು' ಅನ್ನುತ್ತಾನೆ. ಅಮ್ಮನಿಗೆ ಅದನ್ನು ಕೇಳಿಸಿ.

ಪ್ರಶ್ನೆ: ನನ್ನ ತಮ್ಮ ಒಂದು ಸಂದರ್ಶನದ ಶೂಟಿಂಗ್ ನೋಡಿ ಬಂದ. ಎಲ್ಲ ಮುಗಿದ ಮೇಲೆ ಅರ್ಧ ನಿಮಿಷ ಎಲ್ಲರೂ ಅಲ್ಲಾಡದೆ ಮೌನವಾಗಿ ನಿಂತರಂತೆ. ಯಾರಾದರೂ ತೀರಿಕೊಂಡಿದ್ದರಾ? (ಅಂಗಡಿ ಮಾಲೀಕರು)

ಇಲ್ಲ ಇಲ್ಲ! ಅದು ರೂಮ್ ಟೋನ್. ಪ್ರತಿ ಕೋಣೆಯ ಮೌನಕ್ಕೂ ತನ್ನದೇ ಸದ್ದಿದೆ. ಫ್ಯಾನು, ದೂರದ ವಾಹನ, ಗೋಡೆಯ ಗುಂಯ್. ಮಾತು ಕತ್ತರಿಸಿದ ಜಾಗದಲ್ಲಿ ಆ ಕೋಣೆಯದೇ ಮೌನ ತುಂಬದಿದ್ದರೆ ಕಿವಿಗೆ ಗುಂಡಿ ಬಿದ್ದ ಹಾಗೆ ಆಗುತ್ತದೆ. ಅದಕ್ಕೇ ಅಲ್ಲೇ ಮೂವತ್ತು ಸೆಕೆಂಡು ಹಿಡಿದಿಟ್ಟುಕೊಳ್ಳುತ್ತಾರೆ.

ಒಮ್ಮೆ ತೀರಿಕೊಂಡ ನಟರೊಬ್ಬರ ಹೆಂಡತಿಯ ಸಂದರ್ಶನ ನನ್ನ ಟೇಬಲ್ಲಿಗೆ ಬಂತು. ಒಂದೂವರೆ ಗಂಟೆ ಗಂಡನ ಬಗ್ಗೆ ಒಳ್ಳೆಯದನ್ನೇ ಹೇಳಿದ್ದರು. ಕೊನೆಗೆ ರೂಮ್ ಟೋನ್. ಬೇಕಾದಷ್ಟು ಮೌನ ಕತ್ತರಿಸಿಕೊಳ್ಳೋಣ ಅಂತ ಹೆಡ್‌ಫೋನ್ ಹಾಕಿದೆ. ಹತ್ತೊಂಬತ್ತನೇ ಸೆಕೆಂಡಿಗೆ ಅವರ ದನಿ, ತೀರಾ ಮೆಲ್ಲಗೆ: "ಇಷ್ಟು ಹೊತ್ತು ನನ್ನ ಮಾತು ಅವರು ಯಾವತ್ತೂ ಕೇಳಿರಲಿಲ್ಲ."

ನಿರ್ದೇಶಕರಿಗೆ ಹೇಳಲಿಲ್ಲ. ಹೇಳಿದ್ದರೆ ಖಂಡಿತ ಕಾರ್ಯಕ್ರಮದ ಕೊನೆಗೆ ಹಾಕಿಸುತ್ತಿದ್ದರು. ಮೊದಲ ಹದಿನೆಂಟು ಸೆಕೆಂಡು ಮಾತ್ರ ತೆಗೆದುಕೊಂಡೆ. ನನ್ನ ಕೆಲಸಕ್ಕೆ ಅಷ್ಟು ಸಾಕಿತ್ತು.