ಪೇಪರ್ ಮೊದಲಾ, ಪೇಟೆಂಟ್ ಮೊದಲಾ?

ಪಿಎಚ್‌ಡಿಯಲ್ಲಿ ಮಾಡಿದ ಸೆನ್ಸರ್ ಇಟ್ಟುಕೊಂಡು ಕಂಪನಿ ಶುರು ಮಾಡಬೇಕು, ಆದರೆ ಅದರ ಸಂಶೋಧನಾ ಪೇಪರ್ ಜರ್ನಲ್‌ಗೆ ಈಗಲೇ ಕಳಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಒಮ್ಮೆ ಪ್ರಕಟವಾದರೆ ಪೇಟೆಂಟ್ ಸಿಗುವುದು ಬಹಳ ಕಷ್ಟ. ಮೊದಲು ಪ್ರೊವಿಷನಲ್, ಅಂದರೆ ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿಸಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಪೇಪರ್‌ನಲ್ಲಿರುವುದೆಲ್ಲ ಅರ್ಜಿಯಲ್ಲೂ ಇರಲಿ, ಆಮೇಲೆ ಧೈರ್ಯವಾಗಿ ಕಳಿಸಿ.

ಪೇಟೆಂಟ್ ಸಾಮಾನ್ಯವಾಗಿ ನೀವು ಪಿಎಚ್‌ಡಿ ಮಾಡಿದ ಸಂಸ್ಥೆಯ ಹೆಸರಲ್ಲೇ ಇರುತ್ತದೆ. ಬೇಜಾರು ಬೇಡ, ನಿಮ್ಮ ಕಂಪನಿ ಅದರ ಲೈಸೆನ್ಸ್, ಅಂದರೆ ಬಳಸುವ ಅನುಮತಿ ಪಡೆಯಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಹುಟ್ಟಿದ ಪಾಥ್‌ಶೋಧ್ ಕಂಪನಿ ನೋಡಿ. ಅಲ್ಲಿನ ಲ್ಯಾಬ್‌ನ ಸಂಶೋಧನೆಯೇ ಸಕ್ಕರೆ ಕಾಯಿಲೆಯವರ ರಕ್ತ ಪರೀಕ್ಷಿಸುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನವಾಯಿತು. ಎಷ್ಟು ಖುಷಿಯ ವಿಷಯ ಅಲ್ವಾ! ಸಂಸ್ಥೆಯ ಜೊತೆಗಿನ ಒಪ್ಪಂದದಲ್ಲಿ ಎಕ್ಸ್‌ಕ್ಲೂಸಿವ್ ಲೈಸೆನ್ಸ್, ಅಂದರೆ ನಿಮಗೆ ಮಾತ್ರ ಸಿಗುವ ಲೈಸೆನ್ಸ್ ಕೇಳಿ. ಇಲ್ಲದಿದ್ದರೆ ಅದೇ ತಂತ್ರಜ್ಞಾನ ಬೇರೆಯವರಿಗೂ ಹೋಗಬಹುದು.