7 ಸೀರೀಸ್ ಯಾಕೆ ಅಷ್ಟು ಜೋರು, ಎಸ್-ಕ್ಲಾಸ್ ಯಾಕೆ ಅಷ್ಟು ಸೌಮ್ಯ?

ಪ್ರಶ್ನೆ: ಬಿಎಂಡಬ್ಲ್ಯು 7 ಸೀರೀಸ್‌ನ 2022ರ ಮಾಡೆಲ್ ಕಣ್ಣಿಗೆ ರಾಚುತ್ತದೆ. ಅಷ್ಟು ದೊಡ್ಡ ಗ್ರಿಲ್, ಎರಡು ತುಂಡಾದ ಹೆಡ್‌ಲೈಟ್. ಪಕ್ಕದಲ್ಲಿ ಬೆಂಜ್ ಎಸ್-ಕ್ಲಾಸ್ ನಿಲ್ಲಿಸಿದರೆ ಅದೆಷ್ಟು ಸೌಮ್ಯ! ಒಂದೂವರೆ ಕೋಟಿ ದಾಟಿದ ಕಾರಿಗೆ ಇಂಥ ಮುಖ ಯಾಕೆ ಕೊಟ್ಟರು? (ಹುಬ್ಬಳ್ಳಿಯ ಓದುಗರು)

ಉತ್ತರ: ಮೊದಲು ಮಾರುಕಟ್ಟೆ ನೋಡೋಣ, ಆಮೇಲೆ ಗ್ರಿಲ್. ಎಸ್-ಕ್ಲಾಸ್ ಅನ್ನುವ ಹೆಸರು ಅಧಿಕೃತವಾಗಿ ಬಂದದ್ದು 1972ರಲ್ಲಿ. ಆದರೆ ಬೆಂಜ್ ತನ್ನ ಈ ವಂಶವನ್ನು 1951ರ ಕಾರಿನಿಂದಲೇ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ 2020ರ ಹೊತ್ತಿಗೆ 40 ಲಕ್ಷಕ್ಕೂ ಜಾಸ್ತಿ ಸೆಡಾನ್‌ಗಳು ಮಾರಾಟವಾಗಿದ್ದವು. 7 ಸೀರೀಸ್ ಹುಟ್ಟಿದ್ದು 1977ರಲ್ಲಿ. ಅಂದಿನಿಂದ ಅದರ ಕೆಲಸ ಒಂದೇ: ಎಸ್-ಕ್ಲಾಸ್ ಕೊಳ್ಳಲು ಹೊರಟವರನ್ನು ಅರ್ಧ ದಾರಿಯಲ್ಲಿ ತನ್ನ ಕಡೆ ತಿರುಗಿಸುವುದು.

ಮುಂದಿರುವವರು ಸುಮ್ಮನಿದ್ದರೂ ನಡೆಯುತ್ತದೆ. ಹಳೇ ಗಿರಾಕಿ ಹೊಸ ಮಾಡೆಲ್ ಬಂದಾಗ ತಾನಾಗಿಯೇ ಶೋರೂಮಿಗೆ ಬರುತ್ತಾನೆ. ಅವನಿಗೆ ಗಾಬರಿಯಾಗದ ಹಾಗೆ ನೋಡಿಕೊಂಡರೆ ಸಾಕು. ಹಿಂದಿರುವವರಿಗೆ ಅಷ್ಟು ಸಾಲದು. ಎಸ್-ಕ್ಲಾಸ್‌ನಷ್ಟೇ ಸೌಮ್ಯವಾದ ಇನ್ನೊಂದು ಕಾರು ಮಾಡಿದರೆ ಜನ ಎಸ್-ಕ್ಲಾಸನ್ನೇ ತಗೊಳ್ಳುತ್ತಾರೆ, ಅಲ್ವಾ?

ಬಿಎಂಡಬ್ಲ್ಯುಗೆ ಇದನ್ನು ಗಟ್ಟಿಯಾಗಿ ಕಲಿಸಿದ್ದು 2001. ಅದಕ್ಕೂ ಮುಂಚಿನ, 1994ರ 7 ಸೀರೀಸ್ ತುಂಬಾ ಚೆಂದದ ಕಾರು. ಇವತ್ತಿಗೂ ಅದೇ ಅತಿ ಸುಂದರ 7 ಅನ್ನುವವರಿದ್ದಾರೆ, ನಾನೂ ಆ ಗುಂಪಿನವನೇ. ಅದರ ಜಾಗಕ್ಕೆ 2001ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋಗೆ ಬಂದ ಕಾರು ನೋಡಿ ಅಭಿಮಾನಿಗಳು ಸಿಡಿದೆದ್ದರು. ಡಿಕ್ಕಿಯ ಮುಚ್ಚಳ ಕಾರಿನ ಭಾಗವೇ ಅಲ್ಲ, ಮೇಲಿಂದ ತಂದು ಇಟ್ಟಿದ್ದಾರೆ ಅನ್ನುವ ಹಾಗಿತ್ತು. ಹೆಡ್‌ಲೈಟ್‌ಗಳ ಮೇಲೆ ಹುಬ್ಬು ಬಂದಿತ್ತು. ಹೊರಮೈ ಬರೆದವರು ಏಡ್ರಿಯನ್ ವ್ಯಾನ್ ಹೂಯ್‌ಡಾಂಕ್. ಆದರೆ ಬೈಗುಳವೆಲ್ಲ ಬಿದ್ದದ್ದು ಆಗಿನ ವಿನ್ಯಾಸ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್ ಮೇಲೆ. ಅವರನ್ನು ಕೆಲಸದಿಂದ ತೆಗೆಯಿರಿ ಎಂದು ಇಂಟರ್ನೆಟ್ಟಿನಲ್ಲಿ ಸಹಿ ಸಂಗ್ರಹವೂ ಆಯಿತು.

ಮಾರಾಟದಲ್ಲಿ ಆದದ್ದೇ ಬೇರೆ. ಆ ಹೊತ್ತಿಗೆ ಬಂದಿದ್ದ 7 ಸೀರೀಸ್‌ಗಳಲ್ಲೆಲ್ಲ ಅತಿ ಹೆಚ್ಚು ಮಾರಾಟವಾದದ್ದು ಅದೇ ಕಾರು. ಬೈದವರು ಬೇರೆ, ಕೊಂಡವರು ಬೇರೆ. 2005ರ ಎಸ್-ಕ್ಲಾಸ್ ಬಂದಾಗ ಅದರ ಚಕ್ರದ ಕಮಾನುಗಳು ಉಬ್ಬಿದ್ದವು, ಹಿಂಭಾಗದಲ್ಲಿ ಡಿಕ್ಕಿ ಒಂದು ಪದರ ಮೇಲೆದ್ದಂತೆ ಕಾಣುತ್ತಿತ್ತು. ಅದರಲ್ಲಿ ಬ್ಯಾಂಗಲ್ ಡಿಕ್ಕಿಯ ನೆರಳು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಹೂಯ್‌ಡಾಂಕ್ ಅವರೇ 2009ರಲ್ಲಿ ಬ್ಯಾಂಗಲ್ ಕುರ್ಚಿಗೆ ಬಂದರು.

2008 ಮತ್ತು 2015ರ 7 ಸೀರೀಸ್‌ಗಳು ಮತ್ತೆ ತಣ್ಣಗಾದವು. 2015ರದ್ದಂತೂ ದೂರದಿಂದ 5 ಸೀರೀಸ್ ಇರಬಹುದೇನೋ ಅನ್ನಿಸುವಷ್ಟು. ಕಂಪನಿಯ ಅತಿ ಮೇಲಿನ ದರ್ಜೆಯ, ಅಂದರೆ ಫ್ಲ್ಯಾಗ್‌ಶಿಪ್ ಕಾರಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೆ ಇಲ್ಲ. ಅಷ್ಟು ದುಡ್ಡು ಕೊಟ್ಟವರಿಗೆ ತಮ್ಮದು ಕೆಳಗಿನ ದರ್ಜೆಯ ಕಾರು ಅಂತ ಯಾರೂ ತಿಳಿಯಬಾರದು. 2019ರಲ್ಲಿ ಅದೇ ಕಾರಿನ ಮುಖವನ್ನು ಬದಲಿಸಿದರು. ಗ್ರಿಲ್ ಸುಮಾರು 40 ಶೇಕಡಾ ದೊಡ್ಡದಾಯಿತು, ಮೂತಿ 50 ಮಿಲಿಮೀಟರ್ ಮೇಲೇರಿತು. ನಿಮಗೆ ರಾಚಿದ 2022ರ ಮುಖಕ್ಕೆ ದಾರಿ ಅಲ್ಲೇ ಶುರುವಾಗಿತ್ತು.

ಇದರ ಹಿಂದೆ ಚೀನಾ ಇದೆ. 7 ಸೀರೀಸ್‌ನ ಅತಿ ದೊಡ್ಡ ಮಾರುಕಟ್ಟೆ ಅದು. ಎಸ್-ಕ್ಲಾಸ್‌ನಲ್ಲೂ ಸುಮಾರು ಮೂರರಲ್ಲಿ ಒಂದು ಅಲ್ಲಿಗೇ ಹೋಗುತ್ತಿತ್ತು ಎಂದು 2020ರಲ್ಲಿ ಬೆಂಜ್ ಹೇಳಿತ್ತು. ಅಲ್ಲಿನ ಗಿರಾಕಿಗಳ ವಯಸ್ಸು ಯುರೋಪಿನವರಿಗಿಂತ ಕಡಿಮೆ. ಸಾಧಿಸಿದ್ದನ್ನು ಅಡಗಿಸಿಡುವ ಮರ್ಯಾದೆ ಅವರಿಗೆ ಬೇಕಿಲ್ಲ.

ಇನ್ನೊಂದು ಕಾರಣ ಬ್ಯಾಟರಿ. 2022ರ 7 ಸೀರೀಸ್ ಮತ್ತು ಅದರ ಎಲೆಕ್ಟ್ರಿಕ್ ರೂಪ ಐ7 ಎರಡಕ್ಕೂ ಒಂದೇ ಬಾಡಿ. ನೆಲದ ಕೆಳಗೆ ಬ್ಯಾಟರಿಗೆ ಜಾಗ ಬೇಕು, ಹಾಗಾಗಿ ಕಾರು ಎತ್ತರವಾಯಿತು: 1,544 ಮಿ.ಮೀ. ಉದ್ದನೆಯ ಎಸ್-ಕ್ಲಾಸ್ ಸುಮಾರು 1,503. ನಾಲ್ಕು ಸೆಂಟಿಮೀಟರ್ ಅಷ್ಟೇನಾ ಅನ್ನಬೇಡಿ, ಸೆಡಾನ್‌ನಲ್ಲಿ ಅದು ಕಣ್ಣಿಗೆ ಬೀಳುವ ವ್ಯತ್ಯಾಸ. ಪಾದಚಾರಿಗೆ ಡಿಕ್ಕಿ ಹೊಡೆದರೆ ತಲೆಗೆ ಪೆಟ್ಟು ಕಡಿಮೆಯಾಗಲಿ ಅನ್ನುವ ಯುರೋಪಿನ ನಿಯಮದಿಂದ ಬಾನೆಟ್‌ಗಳು ಮೊದಲೇ ಎತ್ತರವಾಗಿದ್ದವು. ಇಷ್ಟು ದಪ್ಪನೆಯ ಮೂತಿಯ ಮೇಲೆ ಹಳೇ ಅಳತೆಯ ಗ್ರಿಲ್ ಇಟ್ಟರೆ ಅದು ಕಳೆದೇ ಹೋಗುತ್ತದೆ. ಹೆಡ್‌ಲೈಟ್ ಎರಡು ತುಂಡಾಗಲು ಎಲ್‌ಇಡಿ ದಾರಿ ಮಾಡಿತು. ದಾರಿ ತೋರಿಸುವ ನಿಜವಾದ ದೀಪ ಕೆಳಗೆ ಕಪ್ಪು ಭಾಗದಲ್ಲಿ ಅಡಗಿದೆ. ಮೇಲೆ ಉಳಿದದ್ದು ಗುರುತಿಗಾಗಿ ಇರುವ ತೆಳು ದೀಪ. ಅದಕ್ಕೆ ಸ್ವರೋವ್‌ಸ್ಕಿ ಹರಳನ್ನೂ ಹಾಕಿಸಿಕೊಳ್ಳಬಹುದು.

ನನ್ನನ್ನೇ ಕೇಳಿದರೆ, ಆ ಮುಖ ನನಗೆ ಇಷ್ಟವಿಲ್ಲ. ಪಕ್ಕದಿಂದ ನೋಡಿದರೆ ಮಾತ್ರ ಅದು ಧೈರ್ಯದ ಕೆಲಸ. ಅಷ್ಟು ದೊಡ್ಡ ಬಾಗಿಲುಗಳ ಮೇಲೆ ಬೇಡದ ಗೆರೆ ಒಂದೂ ಇಲ್ಲ. ಬರೀ ಮುಂದಿನಿಂದ ತೆಗೆದ ಫೋಟೋ ನೋಡಿ ತೀರ್ಪು ಕೊಡಬೇಡಿ.

ಪ್ರಶ್ನೆ: ತೊಂಬತ್ತರ ದಶಕದ ಆನೆ ಗಾತ್ರದ ಎಸ್-ಕ್ಲಾಸೇ ಕೊನೆಯ ನಿಜವಾದ ಬೆಂಜ್ ಅಂತ ನಮ್ಮಪ್ಪ ಹೇಳುತ್ತಾರೆ. ಹಾಗಿದ್ದರೆ ಮುಂದಿನ ಮಾಡೆಲ್ಲನ್ನು ಕಂಪನಿ ಯಾಕೆ ಚಿಕ್ಕದು ಮಾಡಿತು? (ಮಂಗಳೂರಿನ ಓದುಗರು)

ಉತ್ತರ: ನಿಮ್ಮಪ್ಪ ಹೇಳುತ್ತಿರುವುದು 1991ರಲ್ಲಿ ಬಂದ, ಕಂಪನಿ ಡಬ್ಲ್ಯು140 ಎಂದು ಕರೆದ ಎಸ್-ಕ್ಲಾಸ್ ಬಗ್ಗೆ. ಕಟ್ಟಿದ ರೀತಿ ನೋಡಿದರೆ ಅವರ ಮಾತು ಸರಿ. ಕಿಟಕಿಗೆ ಎರಡು ಪದರದ ಗಾಜು, ಒಳಗೆ ಕೂತರೆ ಹೊರಗಿನ ಸದ್ದೇ ಇಲ್ಲ. ರಿವರ್ಸ್ ಹಾಕಿದರೆ ಕಾರಿನ ಅಂಚು ಎಲ್ಲಿದೆ ಎಂದು ತೋರಿಸಲು ಹಿಂದಿನ ಎರಡು ಮೂಲೆಯಿಂದ ಪುಟ್ಟ ಕಡ್ಡಿಗಳು ಮೇಲೇಳುತ್ತಿದ್ದವು.

ಆ ಗಾತ್ರದ ಹಿಂದೆಯೂ ಪೈಪೋಟಿಯೇ ಇತ್ತು. 1987ರಲ್ಲಿ ಬಿಎಂಡಬ್ಲ್ಯು 750ಐ ಕಾರಿನಲ್ಲಿ 5 ಲೀಟರ್‌ನ 12 ಸಿಲಿಂಡರ್ ಎಂಜಿನ್ ತಂದಿತು. ಯುದ್ಧದ ನಂತರ ಜರ್ಮನ್ ಕಾರಿಗೆ ಬಂದ ಮೊದಲ ವಿ12 ಅದು. ಬೆಂಜ್ 6 ಲೀಟರ್‌ನ ವಿ12 ಮಾಡಿ ಉತ್ತರ ಕೊಟ್ಟಿತು. ಎಂಜಿನ್ ಬೆಳೆಯಿತು, ಕಾರೂ ಬೆಳೆಯಿತು.

ಆದರೆ ಅದು ರಸ್ತೆಗಿಳಿಯುವ ಹೊತ್ತಿಗೆ ಗಾಳಿಯೇ ಬದಲಾಗಿತ್ತು. ಜರ್ಮನಿಯಲ್ಲಿ ಪರಿಸರದ ಚರ್ಚೆ ಜೋರಾಗಿತ್ತು, ಎರಡು ಟನ್ನಿನ ಕಾರು ಪತ್ರಿಕೆಗಳ ಬಾಯಿಗೆ ಬಿತ್ತು. ಸಿಲ್ಟ್ ದ್ವೀಪಕ್ಕೆ ಕಾರು ಸಾಗಿಸುವ ರೈಲಿಗೆ ಅದರ ಅಗಲ ಹಿಡಿಸುವುದಿಲ್ಲ ಅನ್ನುವುದು ದೊಡ್ಡ ಸುದ್ದಿಯಾಯಿತು. ಜರ್ಮನಿಯ ಶ್ರೀಮಂತರು ರಜೆಗೆ ಹೋಗುವ ದ್ವೀಪವೇ ಅದು! ಆಗಿನ ವಿನ್ಯಾಸ ಮುಖ್ಯಸ್ಥ ಬ್ರೂನೋ ಸಾಕೋ ಅವರೇ, ಕಾರು ಇರಬೇಕಾದ್ದಕ್ಕಿಂತ ನಾಲ್ಕು ಇಂಚು ಜಾಸ್ತಿ ಎತ್ತರವಾಯಿತು ಎಂದು ಮುಂದೆ ಹೇಳಿದರು. ಅವರ ತಂಡದ 1979ರ ಎಸ್-ಕ್ಲಾಸ್ ಎಷ್ಟು ಹದವಾಗಿತ್ತು ಎಂದು ನೋಡಿದರೆ ಆ ನೋವು ಅರ್ಥವಾಗುತ್ತದೆ.

ಇದರ ನಡುವೆ ಜಪಾನಿನಿಂದ ಇನ್ನೊಂದು ಪೆಟ್ಟು ಬಿದ್ದಿತ್ತು. 1989ರಲ್ಲಿ ಟೊಯೊಟಾ ತನ್ನ ಹೊಸ ಬ್ರ್ಯಾಂಡ್ ಲೆಕ್ಸಸ್‌ನ ಎಲ್‌ಎಸ್400 ತಂದಿತು. ಪರೀಕ್ಷೆಗೆಂದೇ ಸುಮಾರು 450 ಮಾದರಿ ಕಾರು (ಪ್ರೊಟೊಟೈಪ್) ಕಟ್ಟಿ, 100 ಕೋಟಿ ಡಾಲರಿಗೂ ಜಾಸ್ತಿ ಸುರಿದು ಮಾಡಿದ ಕಾರು. ಹಿಂದಿರುವವರು ಜೋರಾಗಿ ಕಾಣಲೇಬೇಕು ಎಂದೆನಲ್ಲ, ಲೆಕ್ಸಸ್ ಅದಕ್ಕೆ ಹೊರತು. ಅದರ ಆಕಾರ ಬೆಂಜ್‌ಗಿಂತಲೂ ಸಪ್ಪೆ. ಅವರು ಗೆದ್ದದ್ದು ಬೆಲೆಯಲ್ಲಿ. ಅಮೆರಿಕದಲ್ಲಿ ಅದು ಸುಮಾರು 35,000 ಡಾಲರಿಗೆ ಸಿಗುತ್ತಿತ್ತು, ಎಸ್-ಕ್ಲಾಸ್ ಅದಕ್ಕಿಂತ ಎಷ್ಟೋ ದುಬಾರಿ. ಬೆಲೆಯಲ್ಲಿ ಅಷ್ಟು ಅಂತರ ಇಟ್ಟ ಮೇಲೆ ಆಕಾರದಲ್ಲಿ ಗಲಾಟೆ ಮಾಡುವ ಅಗತ್ಯ ಬರಲಿಲ್ಲ. ಬೆಂಜ್ 1998ರ ಎಸ್-ಕ್ಲಾಸನ್ನು ಚಿಕ್ಕದಾಗಿ, ಹಗುರಾಗಿ ಮಾಡಿದ್ದು ಈ ಎರಡೂ ಕಡೆಯ ಒತ್ತಡದಿಂದ.

ಪ್ರಶ್ನೆ: ಬೆಂಜ್‌ನ ಎಲೆಕ್ಟ್ರಿಕ್ ಕಾರು ಇಕ್ಯೂಎಸ್ ಗಾಳಿಯನ್ನು ಅಷ್ಟು ಚೆನ್ನಾಗಿ ಸೀಳುತ್ತದಂತೆ. ಆದರೂ ಜನ ಅದರ ಆಕಾರವನ್ನು ಮೆಚ್ಚಲಿಲ್ಲ. ವಿಜ್ಞಾನದ ಪ್ರಕಾರ ಸರಿಯಾದದ್ದು ಕಣ್ಣಿಗೂ ಚೆನ್ನಾಗಿರಬೇಕಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಇರಬೇಕಾಗಿಲ್ಲ. ಕಾರಿನ ಆಕಾರಕ್ಕೆ ಗಾಳಿ ಎಷ್ಟು ತಡೆ ಒಡ್ಡುತ್ತದೆ ಎಂದು ಹೇಳುವುದು ಡ್ರ್ಯಾಗ್ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು. 2021ರ ಇಕ್ಯೂಎಸ್‌ದು 0.20. ಅದೇ ಕಂಪನಿಯ ಎಸ್-ಕ್ಲಾಸ್‌ದು 0.22, ಮೊದಲ ಲೆಕ್ಸಸ್‌ದು 0.29. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ, ಆದ್ದರಿಂದ ಹೈವೇಯಲ್ಲಿ ಓಡುವ ಎಲೆಕ್ಟ್ರಿಕ್ ಕಾರಿಗೆ ಈ ಅಂಕಿ ದೊಡ್ಡ ವಿಷಯ. ಅದನ್ನು ಪಡೆಯಲು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಒಂದೇ ಬಿಲ್ಲಿನಂಥ ಗೆರೆ ಎಳೆದರು. ಬಾನೆಟ್ ಗಿಡ್ಡವಾಯಿತು, ಚಾವಣಿ ಹಿಂದಕ್ಕೆ ಇಳಿಯಿತು.

ತೊಂದರೆ ಏನೆಂದರೆ, ಈ ದರ್ಜೆಯ ಕಾರಿನ ಯಜಮಾನರು ಎಷ್ಟೋ ಸಲ ಹಿಂದಿನ ಸೀಟಿನಲ್ಲಿ ಕೂರುವವರು. ಚಾವಣಿ ಇಳಿದದ್ದು ಅವರ ತಲೆಯ ಮೇಲೆಯೇ. ಇನ್ನು ಉದ್ದ ಬಾನೆಟ್ ಅಂದರೆ ದೊಡ್ಡ ಎಂಜಿನ್, ದೊಡ್ಡ ಎಂಜಿನ್ ಅಂದರೆ ಅಧಿಕಾರ ಎಂದು ನೂರು ವರ್ಷ ಜನರ ಕಣ್ಣಿಗೆ ಇದೇ ಕಂಪನಿಗಳು ಪಾಠ ಮಾಡಿವೆ. ಒಂದೇ ದಿನದಲ್ಲಿ ಅದನ್ನು ಮರೆಯಿರಿ ಅಂದರೆ ಮರೆಯುವುದಿಲ್ಲ. 2024ರಲ್ಲಿ ಇಕ್ಯೂಎಸ್‌ಗೆ ಕ್ರೋಮ್ ಗೆರೆಗಳ ಗ್ರಿಲ್ ಮತ್ತು ಬಾನೆಟ್ ಮೇಲೆ ನಿಲ್ಲುವ ನಕ್ಷತ್ರ ಕೊಟ್ಟರು. ಗಾಳಿಗೆ ಇದೆರಡೂ ಬೇಕಿರಲಿಲ್ಲ, ಗಿರಾಕಿಗೆ ಬೇಕಿತ್ತು. ಎಲೆಕ್ಟ್ರಿಕ್ ಕಾರಿಗೆ ಬೇರೆ ಮುಖ ಬೇಡ ಎಂದು ಐ7ನಲ್ಲಿ ಮಾಡಿದ ತೀರ್ಮಾನವೇ ಜಾಣತನದ್ದು ಅನ್ನಿಸುತ್ತದೆ ನನಗೆ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಕಾರು ಡಿಸೈನ್ ಕಲಿಯುವ ಆಸೆ. ಇಂಥ ಕಾರುಗಳನ್ನು ಹೇಗೆ ನೋಡಬೇಕು, ಎಲ್ಲಿ ಕಲಿಯಬೇಕು? (ದಾವಣಗೆರೆಯಿಂದ)

ಉತ್ತರ: ಗ್ರಿಲ್ ಬಿಟ್ಟು ಪಕ್ಕದ ನೋಟದಿಂದ ಶುರು ಮಾಡಿ. ಮುಂದಿನ ಚಕ್ರದ ನಡುವಿನಿಂದ ಡ್ಯಾಶ್‌ಬೋರ್ಡಿನ ತನಕ ಎಷ್ಟು ಅಂತರವಿದೆ ನೋಡಿ. ಎಸ್-ಕ್ಲಾಸ್, 7 ಸೀರೀಸ್‌ಗಳಲ್ಲಿ ಅದು ಜಾಸ್ತಿ, ಯಾಕೆಂದರೆ ಎಂಜಿನ್ ಮುಂದಿನ ಆಕ್ಸಲ್‌ನ (ಎರಡು ಮುಂಚಕ್ರಗಳ ನಡುವಿನ ಅಚ್ಚು) ಹಿಂದಕ್ಕೆ ಸರಿದು ಕೂತಿರುತ್ತದೆ. ಆಡಿ ಎ8ನಲ್ಲಿ ಎಂಜಿನ್ ಮುಂದಕ್ಕೆ ಚಾಚಿರುತ್ತದೆ, ಹಾಗಾಗಿ ಚಕ್ರ ಬಾಗಿಲಿಗೆ ಹತ್ತಿರ, ಚಕ್ರದ ಮುಂದಿನ ಮೂತಿ ಉದ್ದ. 1994ರಲ್ಲೇ ಅಲ್ಯೂಮಿನಿಯಂ ಚೌಕಟ್ಟು ತಂದ ಅಷ್ಟು ಒಳ್ಳೆಯ ಕಾರು ಗತ್ತಿನಲ್ಲಿ ಒಂದು ಹೆಜ್ಜೆ ಹಿಂದೆ ಉಳಿದದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಓದಲು, ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್ (ಎನ್‌ಐಡಿ) ಸಂಸ್ಥೆಯ ಗಾಂಧಿನಗರ ಕ್ಯಾಂಪಸ್ಸಿನಲ್ಲಿ ವಾಹನ ವಿನ್ಯಾಸದ ಸ್ನಾತಕೋತ್ತರ ಕೋರ್ಸ್ ಇದೆ. ಅದಕ್ಕೂ ಮುಂಚೆ ಒಂದು ಪದವಿ ಮುಗಿಸಬೇಕು. ಲೆಕ್ಕ, ಕಂಪ್ಯೂಟರ್ ಕಡೆ ಒಲವಿದ್ದರೆ ಎಂಜಿನಿಯರಿಂಗ್ ದಾರಿಯೂ ಇದೆ: ಬೆಂಜ್ ಕಂಪನಿಗೆ ಜರ್ಮನಿಯ ಹೊರಗಿರುವ ಅತಿ ದೊಡ್ಡ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ. ಸದ್ಯಕ್ಕೆ ಪೆನ್ಸಿಲ್ ತಗೊಂಡು ಎಸ್-ಕ್ಲಾಸ್, 7 ಸೀರೀಸ್, ಎ8 ಮೂರರ ಪಕ್ಕದ ನೋಟವನ್ನು ಒಂದೇ ಅಳತೆಗೆ ಬರೆಯಿರಿ. ಎರಡೇ ಚಕ್ರ, ಒಂದು ಚಾವಣಿ ಗೆರೆ, ಒಂದು ಬಾನೆಟ್ ಗೆರೆ ಸಾಕು, ದೀಪ ಗ್ರಿಲ್ ಬೇಡ. ಹೆಸರು ಹೇಳದೆ ಗೆಳೆಯರಿಗೆ ತೋರಿಸಿ. ಅವರು ಯಾವ ಕಾರು ಎಂದು ಗುರುತಿಸಿದರೆ ನಿಮ್ಮ ಅಳತೆ ಸರಿಯಾಗಿದೆ ಅಂತ ಅರ್ಥ.