ಓದುಗರ ಪ್ರಶ್ನೆ: ಗೋದಲಿ ಬಿಚ್ಚಿದ ಮೇಲೆ

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅಡಿಕೆ ತೋಟವಿರುವ ಕಥೋಲಿಕ ಕುಟುಂಬದವರು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದುದ್ದಕ್ಕೂ ಮನೆಯಲ್ಲಿ ಸಂಜೆಯ ಪ್ರಾರ್ಥನೆ ತಪ್ಪಲಿಲ್ಲ. ಮಕ್ಕಳು ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟಿದರು, ಹಬ್ಬದ ತಿಂಡಿ ಕುಸ್ವಾರ್ ಮಾಡಿ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಿದೆವು. ಜನವರಿ ಬಂದದ್ದೇ ತಡ, ಕೊಯ್ಲು, ಸುಲಿಯುವುದು, ಬೇಯಿಸುವುದು ಎಂದು ರಾತ್ರಿಯವರೆಗೂ ಬಿಡುವಿಲ್ಲ. ಸುಲಿಯಲು ಬರುವ ಹೆಂಗಸರ ಚಹಾ, ಊಟ, ಕೂಲಿಯ ಲೆಕ್ಕ ಎಲ್ಲವೂ ನನ್ನ ಪಾಲಿನದು. ಇಗರ್ಜಿ ದೂರವಿರುವುದರಿಂದ ಭಾನುವಾರವೂ ಎಲ್ಲರಿಗೂ ಹೋಗಲಾಗುವುದಿಲ್ಲ. ಹಬ್ಬದ ಭಕ್ತಿ ಹಬ್ಬಕ್ಕೇ ಮುಗಿಯಿತೇ ಎಂದು ಬೇಸರವಾಗುತ್ತದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ?
– ಹೆಸರು ಬೇಡ

ಉತ್ತರ: ಸೋದರಿ, ಕ್ರಿಸ್ಮಸ್ ಡಿಸೆಂಬರ್ 25ಕ್ಕೆ ಮುಗಿಯುವುದಿಲ್ಲ. ಕಥೋಲಿಕ ಪೂಜಾ ಪಂಚಾಂಗದಲ್ಲಿ ಅದು ಅಂದು ಆರಂಭವಾಗಿ, ಕೂಸು ಯೇಸುವನ್ನು ಕಾಣಲು ಬಂದ ಮೂರು ರಾಯರ ಹಬ್ಬವನ್ನು ದಾಟಿ, ಜನವರಿಯಲ್ಲಿ ಬರುವ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ ನಡೆಯುತ್ತದೆ. ಆದ್ದರಿಂದ ಹೊಸ ವರ್ಷದ ಮರುದಿನವೇ ಗೋದಲಿ ಬಿಚ್ಚುವ ಅವಸರ ಬೇಡ. ಆಮೇಲೆ ಬರುವುದು ಸಾಧಾರಣ ಕಾಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲವೂ ಈಸ್ಟರಿನ ಪಾಸ್ಖ ಕಾಲವೂ ನಡುವೆ ಬಂದು ಹೋಗುತ್ತವೆಯಾದರೂ, ವರ್ಷದ 33 ಅಥವಾ 34 ವಾರಗಳು ಈ ಸಾಧಾರಣ ಕಾಲಕ್ಕೇ ಸೇರಿವೆ. ಬದುಕಿನ ಹೆಚ್ಚು ಪಾಲು ಸಡಗರವಿಲ್ಲದೆಯೇ ಕಳೆಯುತ್ತದೆ ಎಂಬುದನ್ನು ಒಪ್ಪಿಕೊಂಡೇ ಧರ್ಮಸಭೆ ತನ್ನ ಪಂಚಾಂಗವನ್ನು ಹಾಕಿಕೊಂಡಿದೆ. ನೀವು ಉಳಿಸಿಕೊಳ್ಳಲು ಹೊರಟಿರುವುದು ಹಬ್ಬದ ಉತ್ಸಾಹವನ್ನಾದರೆ ಅದು ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಲೂಕನ ಶುಭಸಂದೇಶದಲ್ಲಿ ಕುರಿಕಾಯುವವರು ಕೂಸನ್ನು ಕಂಡು ದೇವರನ್ನು ಕೊಂಡಾಡುತ್ತ ಹಿಂದಿರುಗಿದರೆಂದೇ ಇದೆ. ಆ ಕೂಸು ಕೂಡ ಮೂವತ್ತರ ಆಸುಪಾಸಿನವರೆಗೆ ನಜರೇತಿನಲ್ಲಿ ಬಡಗಿಯಾಗಿಯೇ ಬೆಳೆದು ಬಾಳಿತು. ಆ ವರ್ಷಗಳ ಬಗ್ಗೆ ಶುಭಸಂದೇಶಕಾರರು ಬರೆದದ್ದು ತೀರ ಕಡಿಮೆ.

ಇಗರ್ಜಿ ದೂರವಿರುವುದು ಮಲೆನಾಡಿಗೆ ಹೊಸದಲ್ಲ. ಬಿಷಪರ ಆಡಳಿತದ ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದೇ 1988ರಲ್ಲಿ. ಅದಕ್ಕೂ ಬಹಳ ಹಿಂದೆ ಕರಾವಳಿಯಿಂದ ಘಟ್ಟ ಹತ್ತಿ ಬಂದು ತೋಟಗಳಲ್ಲಿ ನೆಲೆಸಿದ ಕೊಂಕಣಿ ಕುಟುಂಬಗಳಿಗೆ ಬಲಿಪೂಜೆ (ಇಗರ್ಜಿಯಲ್ಲಿ ಗುರುಗಳು ಅರ್ಪಿಸುವ ಮಾಸ್) ದಿನವೂ ಸಿಗುವ ಭಾಗ್ಯವಾಗಿರಲಿಲ್ಲ. ಸಂಜೆ ದೀಪ ಹಚ್ಚಿ ಮನೆಮಂದಿಯೆಲ್ಲ ಕೂತು ಹೇಳುತ್ತಿದ್ದ ತೇರ್ಸವೇ, ಅಂದರೆ ಮಣಿ ಎಣಿಸುತ್ತ ಹೇಳುವ ಜಪಸರದ ಪ್ರಾರ್ಥನೆಯೇ, ಅವರನ್ನು ಹಿಡಿದು ನಿಲ್ಲಿಸಿತ್ತು. ಗಂಭೀರ ಕಾರಣದಿಂದ ಭಾನುವಾರದ ಬಲಿಪೂಜೆಗೆ ಹೋಗಲಾಗದವರು ಒಬ್ಬರೇ ಆಗಲಿ, ಕುಟುಂಬವಾಗಿಯಾಗಲಿ ತಕ್ಕಷ್ಟು ಹೊತ್ತು ಪ್ರಾರ್ಥನೆಯಲ್ಲಿ ಕಳೆಯಬೇಕೆಂದು 1983ರ ಧರ್ಮಸಭಾ ಕಾನೂನಿನ 1248ನೇ ವಿಧಿಯೂ ಸೂಚಿಸುತ್ತದೆ. ಕೊಯ್ಲು ಅಂಥ ಕಾರಣವೇ ಎಂಬುದನ್ನು ನಿಮ್ಮ ಧರ್ಮಕೇಂದ್ರದ ಗುರುಗಳನ್ನೇ ಕೇಳಿ. ಅಷ್ಟರಲ್ಲಿ ಮನೆಯವರು ಸರದಿಯ ಮೇಲೆ ಹೋಗಿಬರಲು ಸಾಧ್ಯವೇ ಎಂದೂ ಯೋಚಿಸಿ. ಇಡೀ ಜಪಸರ ಹೇಳಲು ಹೊತ್ತಿಲ್ಲದ ರಾತ್ರಿ ಒಂದೇ ದಶಕ ಸಾಕು: ಪ್ರಭು ಕಲಿಸಿದ ಪ್ರಾರ್ಥನೆ ಒಂದು, ನಮೋ ಮರಿಯಾ ಹತ್ತು. ಹಂಡೆಯಲ್ಲಿ ಅಡಿಕೆ ಬೇಯುತ್ತಿರುವಾಗ ಒಲೆಯ ಮುಂದೆಯೇ ಹೇಳಬಹುದು. ಉರಿ ನೋಡಿಕೊಳ್ಳಲು ಹೇಗೂ ಒಬ್ಬರು ಅಲ್ಲಿ ಕೂರಲೇಬೇಕಲ್ಲ!

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ನೀವು ಹಾದಿಯಲ್ಲಿ ಹೇಳಿಬಿಟ್ಟ ಮಾತು, ಕೂಲಿಯ ಲೆಕ್ಕ ನಿಮ್ಮದೆಂಬುದು. ಅದನ್ನು ನೀವು ಭಕ್ತಿಗೆ ಅಡ್ಡಬರುವ ಕೆಲಸಗಳ ಸಾಲಿಗೆ ಸೇರಿಸಿದ್ದೀರಿ. ನಿಮ್ಮ ವಿಶ್ವಾಸಕ್ಕೆ ಈ ತಿಂಗಳುಗಳಲ್ಲಿ ನಿಜವಾದ ಕೆಲಸವಿರುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ. ಮೆಟ್ಟುಗತ್ತಿಯ ಮುಂದೆ ಬೆನ್ನು ಬಾಗಿಸಿ, ಚೊಗರಿನಿಂದ ಕಪ್ಪಾದ ಬೆರಳುಗಳಲ್ಲಿ ರಾತ್ರಿಯವರೆಗೂ ಸುಲಿಯುವ ಹೆಂಗಸಿಗೆ ಕೂಲಿ ಸಿಗುವುದು ಸುಲಿದ ಅಡಿಕೆಯ ಅಳತೆಯ ಮೇಲೆ. ಡಬ್ಬ ತಲೆತುಂಬಿ ಚೆಲ್ಲುವಂತಿದ್ದರೂ ಅದನ್ನು ಒಂದೇ ಎಂದು ಬರೆದುಕೊಳ್ಳುವುದು, ಕೊನೆಯ ಅರ್ಧ ಡಬ್ಬವನ್ನು ನಾಳೆಗೆಂದು ಹೇಳಿ ಮರೆತುಬಿಡುವುದು, ಮಂಡಿಯಿಂದ ಹಣ ಬಂದ ಮೇಲೆ ಕೊಡುತ್ತೇವೆಂದು ವಾರಗಟ್ಟಲೆ ತಳ್ಳುವುದು, ಇವೆಲ್ಲ ನಮ್ಮ ಕಡೆ ಯಾರಿಗೂ ಪಾಪವೆಂದು ತೋರದಷ್ಟು ರೂಢಿಯಾಗಿವೆ. ಪೈರು ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಯನ್ನು ಮುಟ್ಟಿದೆ ಎಂದು ಯಕೋಬನ ಪತ್ರದ ಐದನೆಯ ಅಧ್ಯಾಯ ಎಚ್ಚರಿಸುತ್ತದೆ. ನಿಮ್ಮ ಮನೆಯಲ್ಲಿ ಹೀಗೆಲ್ಲ ನಡೆಯುತ್ತದೆಂದು ನಾನು ಹೇಳುತ್ತಿಲ್ಲ. ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲಿರುವುದರಿಂದ ಹೇಳುತ್ತಿದ್ದೇನೆ. ಡಿಸೆಂಬರಿನಲ್ಲಿ ಕುಸ್ವಾರ್ ತಟ್ಟೆ ಪಡೆದವಳೇ ಜನವರಿಯಲ್ಲಿ ನಿಮ್ಮ ಜಗಲಿಯಲ್ಲಿ ಕೂತು ಸುಲಿಯುತ್ತಿರಬಹುದು. ಅವಳಿಗೆ ನಿಮ್ಮ ಧರ್ಮದ ಪರಿಚಯವಾಗುವುದು ಆ ಅಳತೆಯಿಂದ. ಬೇರೆ ಧರ್ಮದವರಾದ ಅವರ ಮುಂದೆ ಪ್ರಾರ್ಥನೆಯನ್ನಾಗಲಿ ಉಪದೇಶವನ್ನಾಗಲಿ ಮಾಡಬೇಕೆಂದು ನಾನು ಹೇಳಲಾರೆ, ಅದು ಸಲ್ಲದು ಕೂಡ. ಶನಿವಾರದ ಬಟವಾಡೆ ಶನಿವಾರವೇ ಆಗಲಿ. ಲೆಕ್ಕ ಬರೆಯುವಾಗ ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಓದುತ್ತಿರುವ ವಿದ್ಯಾರ್ಥಿ. ಕ್ರಿಸ್ಮಸ್ ಗಾಯನದ ದಿನಗಳಲ್ಲಿ ಕಣ್ಣು ತುಂಬಿ ಬರುತ್ತಿತ್ತು. ಈಗ ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸುವುದಿಲ್ಲ. ವಿಶ್ವಾಸ ಕಳೆದುಕೊಂಡೆನೇ?
– ಓದುಗ, ಶಿವಮೊಗ್ಗ

ಉತ್ತರ: ಇಲ್ಲ. ಪುನರುತ್ಥಾನರಾದ ಯೇಸುವನ್ನು ಕಣ್ಣಾರೆ ಕಂಡಿದ್ದ ಶಿಷ್ಯ ಪೇತ್ರನೇ ಕೆಲವು ದಿನಗಳ ಮೇಲೆ ಮೀನು ಹಿಡಿಯಲು ಹೋಗುತ್ತೇನೆಂದು ಹೊರಟುಬಿಟ್ಟ; ಇರುಳೆಲ್ಲ ಬಲೆಗೆ ಏನೂ ಬೀಳಲಿಲ್ಲ. ಬೆಳಗಾದಾಗ ಯೇಸು ದಡದಲ್ಲಿ ಕೆಂಡ ಮಾಡಿ, ಮೀನು ರೊಟ್ಟಿ ಸಿದ್ಧಮಾಡಿಕೊಂಡು ಊಟಕ್ಕೆ ಕರೆದರೇ ಹೊರತು ಕೆಲಸಕ್ಕೆ ಏಕೆ ಮರಳಿದಿರಿ ಎಂದು ಗದರಲಿಲ್ಲ. ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯವನ್ನು ಒಮ್ಮೆ ಓದಿ. ಪ್ರಾರ್ಥನೆಯನ್ನು ಚಿಕ್ಕದು ಮಾಡಿ, ಹೊತ್ತು ಮಾತ್ರ ತಪ್ಪಿಸಬೇಡಿ. ನಿದ್ದೆ, ಊಟ, ಓದು ಯಾವುದರಲ್ಲೂ ವಾರಗಟ್ಟಲೆ ಮನಸ್ಸು ನಿಲ್ಲದಿದ್ದರೆ ಅದು ಭಕ್ತಿಯ ಸಮಸ್ಯೆಯಾಗಿರಲಾರದು. ಆಗ ಗುರುಗಳ ಬಳಿ ಮಾತಾಡುವುದರ ಜೊತೆಗೆ ವೈದ್ಯರನ್ನೂ ಕಾಣಿ.